ಚಪ್ಪಟೆ ಭೂಮಿ, ನಮ್ಮ ಭಾವ, ಒಂದು ಲೆವೆಲ್ ಪೈಪ್

ಚಪ್ಪಟೆ ಭೂಮಿಯವರ ಜೊತೆ ವಾದಕ್ಕೆ ಇಳಿಯುವವರು ಮೊದಲು ತೋರಿಸುವುದು ಉಪಗ್ರಹದ ಫೋಟೋ. 'ಅದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು' ಅಂದುಬಿಟ್ಟರೆ ಮಾತು ಅಲ್ಲಿಗೇ ಖತಂ. ಹೆಂಡತಿಯ ಅಣ್ಣ, ನಮ್ಮ ಭಾವ, ವಿಡಿಯೋ ನೋಡಿ ನೋಡಿ ಆ ಕಡೆ ವಾಲಿದಾಗ ನಾನು ಫೋಟೋ ಸುದ್ದಿಗೇ ಹೋಗಲಿಲ್ಲ. ಮಡಿಕೇರಿ ಸುತ್ತಮುತ್ತ ಸರ್ವೆ ಮಾಡುವವನು ನಾನು. ತೋಟದ ಗಡಿ, ರಸ್ತೆಯ ಲೆವೆಲ್ಲು ಇದೇ ಹೊಟ್ಟೆಪಾಡು. ಅಳೆದು ನೋಡೋಣ ಬನ್ನಿ ಅಂದೆ.

ಭಾವನ ದೊಡ್ಡ ಅಸ್ತ್ರ ಅಂದ್ರೆ ನೀರಿನ ಆಚೆ ದಡದ ವಿಡಿಯೋ. 'ಲೆಕ್ಕದ ಪ್ರಕಾರ ಆ ಕಟ್ಟಡ ಮರೆಯಾಗಬೇಕು. ಕಾಣ್ತಾ ಇದೆಯಲ್ಲ ಭಾವ?' ಅಂತ ನನ್ನನ್ನೇ ಕೇಳುತ್ತಿದ್ದರು. ಕಾಣುವುದು ನಿಜ. ಅದನ್ನು ಸುಳ್ಳು ಅನ್ನಬಾರದು. ಗಾಳಿ ಕೆಳಗೆ ದಟ್ಟ, ಮೇಲೆ ತೆಳು. ಬೆಳಕು ದಟ್ಟ ಇರುವ ಕಡೆಗೆ ಬಾಗುತ್ತದೆ, ಅಂದರೆ ಭೂಮಿ ಬಾಗಿದ ಕಡೆಗೇ. ಡಿಪ್ಲೊಮಾದಲ್ಲಿ ನಮಗೆ ಬಾಯಿಪಾಠ ಮಾಡಿಸಿದ ಲೆಕ್ಕ ಇದು: ದೂರವನ್ನು ಕಿಲೋಮೀಟರಿನಲ್ಲಿ ಹಿಡಿದು ವರ್ಗ ಮಾಡಿ 0.0785ರಿಂದ ಗುಣಿಸಿದರೆ ಭೂಮಿ ಎಷ್ಟು ಮೀಟರ್ ಬಾಗಿದೆ ಅಂತ ಸಿಗುತ್ತದೆ. ಅದರಲ್ಲಿ ಏಳನೇ ಒಂದು ಭಾಗವನ್ನು ಬೆಳಕಿನ ಬಾಗು ತಿಂದುಹಾಕುತ್ತದೆ. ಉಳಿಯುವುದು 0.0673.

ಆದರೆ ಈ ಏಳನೇ ಒಂದು ಭಾಗ ಮಾಮೂಲಿ ದಿನದ್ದು. ತಣ್ಣನೆಯ ನೀರಿನ ಮೇಲೆ ಬೆಚ್ಚನೆ ಗಾಳಿ ಕೂತು, ಮೇಲಕ್ಕೆ ಹೋದಂತೆ ಮೀಟರಿಗೆ ಸುಮಾರು 0.11 ಡಿಗ್ರಿಯಂತೆ ಬಿಸಿ ಏರಿದರೆ ಸಾಕು, ಬೆಳಕು ಭೂಮಿಯಷ್ಟೇ ಬಾಗಿ ನೀರು ಹಲಗೆಯ ಹಾಗೆ ಕಾಣುತ್ತದೆ. ತಲೆಕೆಳಗಾದರೆ ಬಿಸಿಲ್ಗುದುರೆ. ಮಾರ್ಚ್ ತಿಂಗಳ ಮಧ್ಯಾಹ್ನ ಕುಶಾಲನಗರದ ರಸ್ತೆಯಲ್ಲಿ ಎಲ್ಲರೂ ನೋಡಿದ್ದೇ.

ಹಾಗಾಗಿ 'ಹಾರಂಗಿ ಹಿನ್ನೀರಿನಲ್ಲೇ ನೋಡೋಣ' ಅಂತ ಭಾವ ಅಂದಾಗ ನಾನು ಒಪ್ಪಲಿಲ್ಲ. ನೀರಿಗೆ ಕಣ್ಣು ತಾಗಿಸಿ ನೋಡಿದರೆ ಗೊತ್ತಾಗುವುದು ಗಾಳಿಯ ಗುಣ, ಭೂಮಿಯ ಆಕಾರ ಅಲ್ಲ. ಇದು ಹಳೇ ಜಗಳ. 1838ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಕಾಲುವೆಯಲ್ಲಿ ರೋಬಾಥಮ್ ಎಂಬಾತ ನೀರಿನಲ್ಲೇ ನಿಂತು, ಆರು ಮೈಲಿ ಆಚೆಯ ದೋಣಿ ಕಂಡಿತು, ಭೂಮಿ ಚಪ್ಪಟೆ ಅಂದ. 1870ರಲ್ಲಿ ಜಾನ್ ಹ್ಯಾಂಪ್ಡನ್ ಅದೇ ಕಾಲುವೆಯ ಮೇಲೆ 500 ಪೌಂಡ್ ಬಾಜಿ ಕಟ್ಟಿದ. ಎದುರು ನಿಂತದ್ದು ಜೀವವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್. ಹರೆಯದಲ್ಲಿ ಸರ್ವೆ ಕೆಲಸ ಮಾಡಿದ್ದ ಮನುಷ್ಯ, ಅದು ಕೈಹಿಡಿಯಿತು. ದೂರದರ್ಶಕವನ್ನೂ ಗುರುತುಗಳನ್ನೂ ನೀರಿನಿಂದ ಸುಮಾರು 13 ಅಡಿ ಎತ್ತರಿಸಿದ. ನೀರು ಬಾಗಿದ್ದರಿಂದ ನಡುವಿನ ಗುರುತು ಮೇಲೆದ್ದು ಕಂಡಿತು. ವಾಲೇಸ್ ಗೆದ್ದ. ಹ್ಯಾಂಪ್ಡನ್ ಮಾತ್ರ ಒಪ್ಪದೆ ವರ್ಷಗಟ್ಟಲೆ ಬೈದುಕೊಂಡು ತಿರುಗಿದ. ಭಾವನ ಹತ್ತಿರ ಬಾಜಿ ಕಟ್ಟದೇ ಇದ್ದದ್ದು ಅದಕ್ಕೇ!

ನಾನು ಆರಿಸಿದ್ದು ಸೂರ್ಯನನ್ನು. ಮೊದಲು ಇಬ್ಬರೂ ನಮ್ಮ ನಮ್ಮ ಊಹೆ ಬರೆದಿಟ್ಟೆವು. ಈ ಕೆಲಸ ತಪ್ಪಿಸಬೇಡಿ, ಆಮೇಲೆ ಮಾತು ಜಾರುತ್ತದೆ. ಭಾವನ ಪ್ರಕಾರ ಸೂರ್ಯ ಮುಳುಗುವುದೇ ಇಲ್ಲ, ಬರೀ ದೂರ ಹೋಗುತ್ತಾನೆ. ಹಾಗಿದ್ದರೆ ಎಷ್ಟೇ ಎತ್ತರದಲ್ಲಿ ನಿಂತರೂ ಅವನು ನಮ್ಮ ಮಟ್ಟಕ್ಕಿಂತ ಕೆಳಗೆ ಬರಬಾರದು. ನನ್ನ ಲೆಕ್ಕದಲ್ಲಿ 1200 ಮೀಟರ್ ಎತ್ತರದಿಂದ ಕಡಲಿನ ಅಂಚು ಸುಮಾರು ಒಂದು ಡಿಗ್ರಿ ಕೆಳಗೆ ಇರಬೇಕು. ಅಂದರೆ ಆಕಾಶದಲ್ಲಿ ಕಾಣುವ ಸೂರ್ಯನ ಅಗಲದ ಎರಡರಷ್ಟು.

ಭಾಗಮಂಡಲದ ಆಚೆ ನೆಂಟರ ತೋಟದ ಮೇಲೆ ಪಡುವಣಕ್ಕೆ ತೆರೆದ ಬಾಣೆ, ಅಂದರೆ ಹುಲ್ಲಿನ ಗುಡ್ಡ, ಇದೆ, ಎತ್ತರ ಹೆಚ್ಚುಕಮ್ಮಿ ಅಷ್ಟೇ. ಮಳೆ ಬಿಟ್ಟ ಮೇಲೆ, ಗಾಳಿ ತೊಳೆದಂತಿದ್ದ ಒಂದು ಸಂಜೆ ಹೋದೆವು. ಮಟ್ಟ ನೋಡುವ ಸರ್ವೆ ಉಪಕರಣ ಆಟೋ ಲೆವೆಲ್ ತರಲಾ ಅಂದರೆ 'ನಿಮ್ಮ ಮೆಷಿನ್ ಬೇಡ' ಅಂದರು. ಸರಿ, ಮೇಸ್ತ್ರಿಗಳ ಲೆವೆಲ್ ಪೈಪನ್ನೇ ತಂದೆ. ಒಳಗೆ ಕಾಣುವ ಪೈಪು ಅದು, ನೀರು ತುಂಬಿದರೆ ಎರಡೂ ತುದಿಯಲ್ಲಿ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. 120 ಸೆಂ.ಮೀ. ರೀಪಿನ ಎರಡೂ ತುದಿಗೆ ಪೈಪನ್ನು ನೆಟ್ಟಗೆ ಕಟ್ಟಿ, ಗೆರೆ ಎದ್ದು ಕಾಣಲಿ ಅಂತ ಹಾಲಿಲ್ಲದ ಬೆಲ್ಲದ ಕಾಫಿ ಹಾಕಿದೆವು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ಸುಳ್ಳು ಹೇಳುತ್ತದೆ. ಭಾವನೇ ಬೆರಳಿನಿಂದ ತಟ್ಟಿ ತಟ್ಟಿ ಒಂದೊಂದನ್ನೂ ಹೊರಡಿಸಿದರು.

ಸೂರ್ಯನನ್ನು ನೇರ ನೋಡುವಂತಿಲ್ಲ. ಅದಕ್ಕೆ ಪಡುವಣ ತುದಿಯಲ್ಲಿ ಒಂದು ರಟ್ಟು ನಿಲ್ಲಿಸಿದೆವು, ಮೇಲಂಚು ಕಾಫಿಯ ಮಟ್ಟಕ್ಕೆ ಸರಿಯಾಗಿ. ಮೂಡಣ ತುದಿಯಲ್ಲಿ ಬಿಳಿ ಕಾಗದ, ಅದರ ಮೇಲೆ ಅದೇ ಮಟ್ಟಕ್ಕೆ ಪೆನ್ಸಿಲ್ ಗೆರೆ. ಸೂರ್ಯ ಮೇಲಿದ್ದರೆ ರಟ್ಟಿನ ನೆರಳಿನ ಅಂಚು ಗೆರೆಯ ಕೆಳಗೆ ಬೀಳುತ್ತದೆ. ಅವನು ಮಟ್ಟದಿಂದ ಕೆಳಗಿಳಿದರೆ ಗೆರೆ ದಾಟಿ ಮೇಲೇರುತ್ತದೆ.

ಏರಿತು. ಅಂಚು ಮಸುಕಾಗಿತ್ತು, ಬೆಳಕು ಕೆಂಪಾಗಿತ್ತು. ಆದರೂ ನೆರಳು ಅಳಿಸಿಹೋಗುವ ಮೊದಲು ಗೆರೆಗಿಂತ ಒಂದೂವರೆ ಸೆಂ.ಮೀ. ಮೇಲಿತ್ತು. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕೊಂಡಿದ್ದ ಕನ್ನಡಕ ಹಾಕಿ ನೋಡಿದರೆ ಸೂರ್ಯ ಅಡ್ಡಕ್ಕೆ ಅಗಲವಾಗಿ ಅಮುಕಿದಂತಿದ್ದ. ಕೆಳಂಚಿನ ಬೆಳಕು ಜಾಸ್ತಿ ಬಾಗುವುದರಿಂದ ಹಾಗೆ.

'ನೋಡಿ, ಬೆಳಕು ಬಾಗುತ್ತೆ ಅಂತ ನೀವೇ ಹೇಳಿದ್ದು. ಇದೂ ಅದೇ ಆಟ' ಅಂದರು ಭಾವ. ನಾನು ಕಾಯುತ್ತಿದ್ದದ್ದು ಈ ಮಾತಿಗೇ. ಈ ಬಾಗು ಸೂರ್ಯನನ್ನು ಮೇಲಕ್ಕೆತ್ತಿ ತೋರಿಸುತ್ತದೆ, ದಿಗಂತದ ಹತ್ತಿರ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ. ಅಷ್ಟು ಎತ್ತಿಯೂ ಅವನು ಮಟ್ಟದ ಕೆಳಗಿದ್ದ. ಆ ಸಹಾಯ ಇಲ್ಲದಿದ್ದರೆ ಇನ್ನೂ ಕೆಳಗೆ. ದೂರದ ಮಂಜೂ ಇಲ್ಲಿ ನೆಪವಾಗುವುದಿಲ್ಲ. ನಾವು ಅಳೆದದ್ದು ಕಡಲಿನ ಗೆರೆಯನ್ನಲ್ಲ, ಸೂರ್ಯನ ನೆರಳನ್ನು.

ಭಾವ ಮಾತಾಡದೆ ರೀಪಿನ ತುದಿ ಅದಲುಬದಲು ಮಾಡಿ ಕಾಫಿಯ ಮಟ್ಟ ಮತ್ತೆ ನೋಡಿದರು. ಸರಿಯಾಗಿಯೇ ಇತ್ತು. 'ದುಂಡಗಿದೆ' ಅಂತ ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ಆಚೆ ದಡದ ವಿಡಿಯೋಗಳು ಮಾತ್ರ ನಿಂತಿವೆ. ಈಗ ಬರುತ್ತಿರುವುದು ಭೂಮಿ ತಿರುಗುವುದೇ ಇಲ್ಲ ಅನ್ನುವವು.