ಅಪ್ಪ ಎಲ್ಲಿ ಅಂತ ಮಗು ಕೇಳಿದಾಗ

ನಮ್ಮ ಬೀದಿಯಲ್ಲಿ ಏಳು ವರ್ಷದ ಒಬ್ಬ ಹುಡುಗನಿದ್ದ. ಅವನಪ್ಪ ದುಬೈಗೆ ಹೋಗಿದ್ದಾನೆ ಅಂತ ಮನೆಯವರು ಹೇಳಿದ್ದರು. "ದುಬೈನಲ್ಲಿ ವಿಡಿಯೊ ಕಾಲ್ ಇಲ್ವಾ ಅಜ್ಜಿ?" ಅಂತ ಅವನು ಕೇಳುತ್ತಿದ್ದ. ಒಂದು ದಿನ ಕ್ರಿಕೆಟ್ ಆಡುವಾಗ ಜಗಳವಾಯಿತು. "ನಿಮ್ಮಪ್ಪ ಅಗ್ರಹಾರ ಜೈಲಲ್ಲಿದ್ದಾನೆ" ಅಂತ ಇನ್ನೊಬ್ಬ ಹುಡುಗ ಅಂದುಬಿಟ್ಟ. ಆಮೇಲೆ ಅವನು ಮನೆಯಲ್ಲಿ ಯಾರನ್ನೂ ಏನೂ ಕೇಳಲಿಲ್ಲ.

ಅಪ್ಪ ಅಥವಾ ಅಮ್ಮ ಜೈಲಿಗೆ ಹೋದಾಗ ಮಗುವನ್ನು ನೋಡಿಕೊಳ್ಳುವ ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ

ಬಂಧನವಾದಾಗ ಮಗು ಎಲ್ಲಿದೆ ಅನ್ನುವುದು ಮೊದಲ ಪ್ರಶ್ನೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಯಾರು ನಿಲ್ಲುತ್ತಾರೆ? ಬಂಧನದ ವಿಷಯವನ್ನು ಮನೆಯವರಿಗೋ ಸ್ನೇಹಿತರಿಗೋ ತಿಳಿಸುವುದು ಪೊಲೀಸರ ಕರ್ತವ್ಯ. ಆ ಕರೆ ಬಂದಾಗಲೇ ಮಗುವಿನ ಮಾತು ಎತ್ತಿ. ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ. ಅಣ್ಣ ತಂಗಿಯರಿದ್ದರೆ ಒಬ್ಬರನ್ನು ಅತ್ತೆ ಮನೆಗೆ, ಇನ್ನೊಬ್ಬರನ್ನು ಊರಿಗೆ ಕಳಿಸಬೇಡಿ. ಅಪ್ಪನೋ ಅಮ್ಮನೋ ದೂರವಾದ ಮೇಲೆ ಅವರಿಗೆ ಉಳಿದಿರುವುದು ಒಬ್ಬರಿಗೊಬ್ಬರು. ಜಾಗ ಇಕ್ಕಟ್ಟಾದರೂ ಒಂದೇ ಮನೆಯಲ್ಲಿರಲಿ.

ನಿಜ ಹೇಳುವುದು

ಎಲ್ಲಕ್ಕಿಂತ ಕಷ್ಟದ ಕೆಲಸ ಇದು. ನೀವು ಹೇಳದಿದ್ದರೆ ಬೀದಿ ಹೇಳುತ್ತದೆ, ಅಥವಾ ಯಾರದೋ ಮೊಬೈಲ್ ಹೇಳುತ್ತದೆ. ಮಗು ಊಟ ಮಾಡಿ ಸಮಾಧಾನವಾಗಿರುವ ಹೊತ್ತು ನೋಡಿಕೊಂಡು ಪಕ್ಕದಲ್ಲಿ ಕೂತು ಹೇಳಿ. ಚಿಕ್ಕವರಿಗೆ ಇಷ್ಟು ಸಾಕು: "ಅಪ್ಪ ಜೈಲಲ್ಲಿದ್ದಾರೆ. ಅಪ್ಪ ಒಂದು ತಪ್ಪು ಮಾಡಿದ್ದಾರೆ ಅಂತ ಪೊಲೀಸರು ಹೇಳ್ತಿದ್ದಾರೆ. ಅದು ನಿಜಾನಾ ಅಂತ ಜಡ್ಜ್ ನೋಡ್ತಾರೆ. ಇದರಲ್ಲಿ ನಿಂದೇನೂ ತಪ್ಪಿಲ್ಲ. ನಾನು ಎಲ್ಲೂ ಹೋಗಲ್ಲ."

ನಿಂದೇನೂ ತಪ್ಪಿಲ್ಲ ಅನ್ನುವ ಮಾತನ್ನು ಒಂದು ಸಲ ಹೇಳಿ ಬಿಡಬೇಡಿ. ತಾನು ಹಟ ಮಾಡಿದ್ದಕ್ಕೇ ಅಪ್ಪ ಹೋದ ಅಂದುಕೊಳ್ಳುವ ಮಕ್ಕಳಿದ್ದಾರೆ.

2022ರ ಸರ್ಕಾರಿ ಲೆಕ್ಕದ ಪ್ರಕಾರ ನಮ್ಮ ದೇಶದ ಜೈಲುಗಳಲ್ಲಿದ್ದ ನಾಲ್ಕರಲ್ಲಿ ಮೂರು ಜನ ವಿಚಾರಣಾಧೀನ ಕೈದಿಗಳು. ಅಂದರೆ ಅವರ ಕೇಸಿನಲ್ಲಿ ಇನ್ನೂ ತೀರ್ಪೇ ಬಂದಿಲ್ಲ. ಹಾಗಾಗಿ ಅಪ್ಪ ಕೆಟ್ಟವನು ಅಂತಲೂ ಹೇಳಬೇಡಿ, ಹಬ್ಬಕ್ಕೆ ಬಂದೇ ಬರುತ್ತಾನೆ ಅಂತಲೂ ಹೇಳಬೇಡಿ. ಜಾಮೀನು ಅರ್ಜಿ ವಜಾ ಆದರೆ, ಯುಗಾದಿಯ ದಿನ ಹೊಸ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ಕಾಯುವುದು ಆ ಮಗುವೇ ಅಲ್ವಾ?

ಜೈಲಿಗೆ ಕರೆದುಕೊಂಡು ಹೋಗುವುದು

ಮೊದಲು ಬೆಂಗಳೂರಿನ ಸೆಂಟ್ರಲ್ ಜೈಲು ಊರ ನಡುವೆಯೇ ಇತ್ತು, ಇವತ್ತಿನ ಫ್ರೀಡಂ ಪಾರ್ಕ್ ಜಾಗದಲ್ಲಿ. ಮೆಜೆಸ್ಟಿಕ್‌ನಿಂದ ನಡೆದೇ ಹೋಗಬಹುದಿತ್ತು. ಈಗ ಹೊಸೂರು ರಸ್ತೆ ಕಡೆ ಪರಪ್ಪನ ಅಗ್ರಹಾರಕ್ಕೆ ಹೋಗಬೇಕು, ಒಂದು ಭೇಟಿಗೆ ಇಡೀ ದಿನ ಹೋಗುತ್ತದೆ. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡಾದರೂ ಉಳಿಯುತ್ತದೆ. ಹೊರಡುವ ಮುಂಚೆ ಭೇಟಿಯ ದಿನ, ಸಮಯ ಕೇಳಿಕೊಳ್ಳಿ. ಆಧಾರ್ ಕಾರ್ಡ್ ಜೊತೆಗಿರಲಿ. ಇ-ಪ್ರಿಸನ್ಸ್ ಜಾಲತಾಣದಲ್ಲಿ ಇ-ಮುಲಾಕಾತ್ ಅಂತ ಒಂದು ವ್ಯವಸ್ಥೆ ಇದೆ, ಅದರಲ್ಲಿ ಮೊದಲೇ ಹೆಸರು ಬರೆಸಬಹುದು.

ಒಳಗೆ ಏನಿರುತ್ತದೆ ಅಂತ ಮಗುವಿಗೆ ಮೊದಲೇ ಹೇಳಿ. ತಪಾಸಣೆ ಮಾಡುತ್ತಾರೆ, ಜಾಸ್ತಿ ಹೊತ್ತು ಕಾಯಬೇಕು, ಗಲಾಟೆ ಇರುತ್ತದೆ. ನಡುವೆ ಜಾಲರಿಯೋ ಗಾಜೋ ಇದ್ದು ಅಪ್ಪನನ್ನು ಮುಟ್ಟೋಕೆ ಆಗದೇ ಇರಬಹುದು. ಇದು ಗೊತ್ತಿಲ್ಲದೆ ಓಡಿಹೋಗಿ ಜಾಲರಿಗೆ ಕೈ ಚಾಚುವ ಮಗುವಿನ ನೋವು ದೊಡ್ಡದು. ಸಿಗುವ ಆ ಸ್ವಲ್ಪ ಹೊತ್ತು ವಕೀಲರ ಮಾತಿನಲ್ಲೇ ಕಳೆಯಬಾರದು. ಮೊದಲ ಐದು ನಿಮಿಷ ಮಗುವಿಗೆ ಬಿಟ್ಟುಕೊಡಿ. ಬರೋಲ್ಲ ಅಂತ ಮಗು ಹೇಳಿದರೆ ಒತ್ತಾಯ ಬೇಡ, ಒಂದು ಚಿತ್ರ ಬರೆದು ಕೊಡಲಿ.

ಜೈಲಿನಲ್ಲಿರುವುದು ಅಮ್ಮನಾದರೆ, ಆರು ವರ್ಷದವರೆಗೆ ಮಗುವನ್ನು ಅವಳ ಜೊತೆಯೇ ಇಟ್ಟುಕೊಳ್ಳಬಹುದು. ಆ ಮಗುವನ್ನು ಕೈದಿಯಂತೆ ಕಾಣಬಾರದು, ಅದಕ್ಕೆ ಊಟ, ಔಷಧಿ, ಬಟ್ಟೆ, ಶಿಶುವಿಹಾರ ಕೊಡಬೇಕು ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೈಲಲ್ಲಿದ್ದಾಗ ಹುಟ್ಟಿದ ಮಗುವಿನ ಜನನ ಪತ್ರದಲ್ಲಿ ಹುಟ್ಟಿದ ಜಾಗ ಜೈಲು ಅಂತ ಬರೆಯುವಂತಿಲ್ಲ. ಹಾಗೆ ಬರೆದಿದ್ದರೆ ತಿದ್ದಿಸಿ.

ಶಾಲೆ, ದುಡ್ಡು, ವಕೀಲರು

ಶಾಲೆಯಲ್ಲಿ ನಂಬಿಕೆಯ ಒಬ್ಬ ಮೇಷ್ಟ್ರಿಗೋ ಟೀಚರಿಗೋ ಮಾತ್ರ ವಿಷಯ ತಿಳಿಸಿ. ಬೆಳಿಗ್ಗೆ ಹೊಟ್ಟೆನೋವು, ರಾತ್ರಿ ಹಾಸಿಗೆ ಒದ್ದೆ, ಸುಮ್ನೆ ಸುಮ್ನೆ ಸಿಟ್ಟು, ಇವೆಲ್ಲ ತುಂಟತನವಲ್ಲ. ತುಂಬ ದಿನ ಇದ್ದರೆ 14416ಕ್ಕೆ ಫೋನ್ ಮಾಡಿ, ಮನಸ್ಸಿನ ವಿಷಯಕ್ಕೆ ಉಚಿತವಾಗಿ ಮಾತಾಡುವ ಟೆಲಿ ಮಾನಸ್ ಅದು. ಮನೆಯ ಹಿರಿ ಮಗಳ ಮೇಲೂ ಒಂದು ಕಣ್ಣಿರಲಿ. ಅಡುಗೆ, ತಮ್ಮನ ಹೋಂವರ್ಕ್, ನೀರು ಹಿಡಿಯುವುದು ಎಲ್ಲವೂ ಸದ್ದಿಲ್ಲದೆ ಅವಳ ತಲೆಗೆ ಬರುತ್ತದೆ. ಆಮೇಲೆ ಶಾಲೆ ಬಿಟ್ಟುಹೋಗುತ್ತದೆ. ಮನೆ ಬದಲಾಯಿಸಬೇಕಾಗಿ ಬಂದರೆ, ಟಿಸಿ ತಡವಾಯಿತು ಅಂತ 6ರಿಂದ 14 ವರ್ಷದ ಮಗುವಿಗೆ ಸರ್ಕಾರಿ ಶಾಲೆ ಸೀಟು ಕೊಡದೇ ಇರುವಂತಿಲ್ಲ. ಅದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.

ವಕೀಲರ ಫೀಸಿಗೆ ಮೀಟರ್ ಬಡ್ಡಿಗೆ ಸಾಲ ಮಾಡಬೇಡಿ. ಇದನ್ನು ಕೈ ಮುಗಿದು ಕೇಳುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯಲ್ಲಿ ಪ್ರಾಧಿಕಾರದ ಕಚೇರಿ ಇರುವ ನ್ಯಾಯ ದೇಗುಲಕ್ಕೆ ಹೋಗಿ ವಿಚಾರಿಸಿ. ದುಡಿಯುವವರೇ ಒಳಗಿದ್ದು ಮನೆ ನಡೆಯುವುದು ಕಷ್ಟವಾದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿ. ಮಕ್ಕಳಿಗಾಗಿ ಇರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಮನೆಯ ಸ್ಥಿತಿ, ಆದಾಯ ನೋಡಿ ತೀರ್ಮಾನಿಸುತ್ತಾರೆ.

ವಾಪಸ್ ಬಂದ ದಿನ

ಆ ದಿನ ನೆಂಟರನ್ನೆಲ್ಲ ಕರೆಯಬೇಡಿ. ಒಂದೆರಡು ವರ್ಷದಲ್ಲಿ ಮಗು ಬೆಳೆದಿರುತ್ತದೆ, ಅಪ್ಪನ ಮುಖವೂ ಬದಲಾಗಿರುತ್ತದೆ. ಅದು ಅಜ್ಜಿಯ ಸೆರಗಿನ ಹಿಂದೆ ಅವಿತುಕೊಂಡರೆ ಎಳೆದು ಮುಂದೆ ನಿಲ್ಲಿಸಬೇಡಿ. ಅಪ್ಪ ನೆಲದ ಮೇಲೆ ಕೂತು ಕಾಫಿ ಕುಡಿಯಲಿ, ಮಗು ತಾನಾಗಿ ಬರುವವರೆಗೂ.