ತೆರೆಯುವ ಮುಂಚೆ ಸ್ವಲ್ಪ ನಿಲ್ಲಿ: ಮಲಗುವ ಹೊತ್ತಿನ ಬಾಗಿಲು ಪುಸ್ತಕಗಳು

ನಮ್ಮ ಮನೆ ಉಡುಪಿಯಲ್ಲಿ. ಮಗನಿಗೆ ಐದು ವರ್ಷ, ಮಗಳಿಗೆ ಎರಡೂವರೆ. ರಾತ್ರಿ ಊಟ ಆಗಿ ಹಾಸಿಗೆ ಹಾಕಿದ ಮೇಲೆ ಇಬ್ಬರಿಗೂ ಪುಸ್ತಕ ಬೇಕೇ ಬೇಕು. ಅದರಲ್ಲೂ ಕೈಗೆ ಕೆಲಸ ಕೊಡುವ ಪುಸ್ತಕವಾದರೆ ಖುಷಿ ಜಾಸ್ತಿ. ಹಾಳೆಯ ಮೇಲಿನ ಪುಟ್ಟ ಬಾಗಿಲು ಎತ್ತಿದರೆ ಇನ್ನೊಂದು ಚಿತ್ರ ಕಾಣುವಂಥದ್ದು, ಪಟ್ಟಿ ಎಳೆದರೆ ಆಮೆ ತಲೆ ಹೊರಗೆ ಹಾಕುವಂಥದ್ದು, ಮುಟ್ಟಿದರೆ ಒರಟು, ನುಣುಪು ಗೊತ್ತಾಗುವಂಥದ್ದು.

ಇಂಥ ಪುಸ್ತಕ ಓದುವಾಗ ನಾನು ತಪ್ಪದೆ ಮಾಡುವ ಕೆಲಸ ಒಂದೇ. ಬಾಗಿಲು ತೆರೆಯುವ ಮುಂಚೆ ನಿಲ್ಲುತ್ತೇನೆ.

"ಇದರ ಒಳಗೆ ಎಂತ ಉಂಟು?" ಎಂದು ಕೇಳಿ ಸುಮ್ಮನಾಗುತ್ತೇನೆ. ಮಗಳು ಯೋಚಿಸಲು ಹೊತ್ತು ತೆಗೆದುಕೊಳ್ಳುತ್ತಾಳೆ, ತೆಗೆದುಕೊಳ್ಳಲಿ. ಆಮೇಲೆ "ಪುಚ್ಚೆ" ಅನ್ನುತ್ತಾಳೆ. ಅಜ್ಜಿಯ ತುಳು ಅವಳ ಬಾಯಲ್ಲಿ ಮೊದಲು ಬರುತ್ತದೆ. ನಾನು ತಿದ್ದುವುದಿಲ್ಲ. "ಹೌದಾ, ಪುಚ್ಚೆಯಾ? ದೊಡ್ಡ ಬೆಕ್ಕಾ, ಮರಿ ಬೆಕ್ಕಾ?" ಎನ್ನುತ್ತೇನೆ. "ಮರಿ ಬೆಕ್ಕು" ಎಂದು ಹೇಳಿ ಬಾಗಿಲು ಎತ್ತುತ್ತಾಳೆ. ಎತ್ತುವ ಕೈ ಯಾವಾಗಲೂ ಅವಳದ್ದೇ.

ಇದರ ಹಿಂದೆ ಸಂಶೋಧನೆಯೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು, ಎರಡೂವರೆ ವರ್ಷದ ಆಸುಪಾಸಿನ ಮಕ್ಕಳ ತಂದೆ ತಾಯಂದಿರಿಗೆ ಅವರು ಹೇಳಿಕೊಟ್ಟದ್ದು ಸರಳ: ನೀವೇ ಓದುತ್ತಾ ಹೋಗಬೇಡಿ, ಪ್ರಶ್ನೆ ಕೇಳಿ, ಮಗು ಹೇಳಿದ ಮಾತಿಗೆ ಇನ್ನೊಂದೆರಡು ಮಾತು ಸೇರಿಸಿ. ಒಂದೇ ತಿಂಗಳಲ್ಲಿ, ಮಾಮೂಲಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಆ ಮಕ್ಕಳ ಮಾತು ಮುಂದಿತ್ತು.

ಆದರೆ ಎಂಥ ಪ್ರಶ್ನೆ ಎನ್ನುವುದು ಮುಖ್ಯ. "ಇದು ಯಾವ ಬಣ್ಣ? ಎಷ್ಟು ಬಾಳೆಹಣ್ಣು?" ಎಂದು ಕೇಳುತ್ತಾ ಹೋದರೆ ಹಾಸಿಗೆ ಮೇಲೆ ಪರೀಕ್ಷೆ ನಡೆದ ಹಾಗೆ ಆಗುತ್ತದೆ. ಪಾಪ, ದಿನವಿಡೀ ಆಡಿ ಸುಸ್ತಾದ ಮಗುವಿಗೆ ಅದು ಬೇಡ. "ಈ ಆಮೆ ಯಾಕೆ ಅಡಗಿ ಕೂತಿದೆ?" ಎಂಬ ಪ್ರಶ್ನೆಗೆ ತಪ್ಪು ಉತ್ತರವೇ ಇಲ್ಲ. ಬಾಗಿಲ ಹಿಂದೆ ಏನಿದೆ ಎಂದು ಬಾಯಿಪಾಠ ಆದ ಪುಸ್ತಕಕ್ಕೂ ಈ ಪ್ರಶ್ನೆ ಹೊಸ ಜೀವ ಕೊಡುತ್ತದೆ.

ಇಬ್ಬರು ಮಕ್ಕಳಿದ್ದರೆ ಇನ್ನೊಂದು ಕಷ್ಟ. ದೊಡ್ಡವನಿಗೆ ಎಲ್ಲ ಗೊತ್ತು, ತಂಗಿ ಬಾಯಿ ತೆರೆಯುವ ಮುಂಚೆ ಅವನೇ ಹೇಳಿಬಿಡುತ್ತಾನೆ. ಹಾಗಾಗಿ ಪ್ರಶ್ನೆ ಕೇಳುವ ಕೆಲಸವನ್ನು ಅವನಿಗೇ ಕೊಟ್ಟೆ. "ಮಗಾ, ನೀನು ಕೇಳು, ಅವಳು ಹೇಳಲಿ." ಈಗ ಅವನು ನನಗಿಂತ ಚೆನ್ನಾಗಿ ಕಾಯುತ್ತಾನೆ. ಅವಳಿಗೆ ಹೊಳೆಯದಿದ್ದರೆ ಮೆಲ್ಲ ಕಿವಿಯಲ್ಲಿ ಸುಳಿವೂ ಕೊಡುತ್ತಾನೆ.

ಕನ್ನಡದಲ್ಲಿ ಬಾಗಿಲು ಪುಸ್ತಕ ಸಿಗುವುದು ಕಡಿಮೆ. ಹಾಗಾಗಿ ನಾವೇ ಮಾಡಿಕೊಳ್ಳುತ್ತೇವೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಬಹುದು. ಕಲರ್ ಪ್ರಿಂಟ್ ತೆಗೆಸಿ, ಹಳೆಯ ಮದುವೆ ಕಾಗದದ ದಪ್ಪ ಹಾಳೆಗೆ ಅಂಟಿಸಿ, ಬೇಕಾದ ಕಡೆ ಬಾಗಿಲು ಕೂರಿಸುತ್ತೇನೆ.

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಓದಿಸಿಕೊಂಡದ್ದು ಹುಲಿವೇಷದ ಪುಸ್ತಕ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದಲ್ಲಿ ಹುಲಿವೇಷದವರ ತಾಸೆ ವಾದ್ಯದ ಸದ್ದು ಕೇಳಿದರೆ ಸಾಕು, ಮಗಳು ಹೆದರಿ ಅಜ್ಜಿಯ ಸೆರಗು ಹಿಡಿಯುತ್ತಿದ್ದಳು. ಅದಕ್ಕೇ ಈ ಪುಸ್ತಕ ಮಾಡಿದೆ. ಹುಲಿಯ ಮುಖವೇ ಬಾಗಿಲು. ಎತ್ತಿದರೆ ಒಳಗೆ ನಗುತ್ತಿರುವ ಒಬ್ಬ ಮಾವ. ಮುಂದಿನ ಪುಟದಲ್ಲಿ ಅವರ ಬೆನ್ನಿಗೆ ಬಣ್ಣ ಬಳಿಯುತ್ತಿದ್ದಾರೆ, ಅದರ ಮುಂದಿನದರಲ್ಲಿ ಬಾಲ ಕಟ್ಟುತ್ತಿದ್ದಾರೆ. ಹುಲಿಯ ಮುಖವನ್ನು ತೆರೆಯುವುದೂ ಮುಚ್ಚುವುದೂ ತನ್ನ ಕೈಯಲ್ಲೇ ಇದೆ ಎಂದು ಗೊತ್ತಾದ ಮೇಲೆ ಅವಳ ಹೆದರಿಕೆ ಎಷ್ಟೋ ಇಳಿಯಿತು. ಈಗ "ಮಾವ ಊಟ ಮಾಡಿದ್ರಾ?" ಎಂದು ಹುಲಿಯನ್ನೇ ಕೇಳುತ್ತಾಳೆ.

ಮಲಗುವ ಹೊತ್ತಿಗೆ ಇಂಥ ಪುಸ್ತಕ ಕೊಟ್ಟರೆ ನಿದ್ದೆ ಹಾರಿಹೋಗುವುದಿಲ್ವಾ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಕ್ರಮ ಮುಖ್ಯ. ಎಳೆಯುವ, ತೆರೆಯುವ ಪುಸ್ತಕ ಮೊದಲು. ಕೊನೆಗೆ ಬಾಗಿಲೇ ಇಲ್ಲದ ಒಂದು ಸಾದಾ ಕಥೆ. ಅದನ್ನು ಸಣ್ಣ ದೀಪದಲ್ಲಿ, ಪ್ರಶ್ನೆ ಕೇಳದೆ, ನಿಧಾನ ಓದುತ್ತೇನೆ. ಗುಂಡಿ ಒತ್ತಿದರೆ ಸದ್ದು ಮಾಡುವ ಪುಸ್ತಕಗಳು ಹಗಲಿಗೆ. ಮೊಬೈಲಿನ ಕಥೆಗಳು ರಾತ್ರಿ ಬೇಡವೇ ಬೇಡ. ಅಲ್ಲಿ ಮಗು ಮುಟ್ಟಿದ ತಕ್ಷಣ ಚಿತ್ರ ಕುಣಿಯುತ್ತದೆ, ಕಾಯುವುದಕ್ಕೆ, ಊಹಿಸುವುದಕ್ಕೆ ಜಾಗ ಎಲ್ಲಿ?

ನಮ್ಮ ಕರಾವಳಿಯವರಿಗೆ ಮಳೆಗಾಲದ ಮಾತೊಂದು ಹೇಳಲೇಬೇಕು. ಜೂನ್ ಬಂತೆಂದರೆ ರಟ್ಟು ಉಬ್ಬುತ್ತದೆ, ಹಾಳೆಗೆ ಬೂಸ್ಟು ಹಿಡಿಯುತ್ತದೆ. ಪುಸ್ತಕಗಳನ್ನು ಗೋಡೆಗೆ ತಾಗಿಸಿ ಇಡಬೇಡಿ. ಬಿಸಿಲು ಕಂಡ ದಿನ ಬಿಡಿಸಿ ಗಾಳಿಗೆ ಇಡಿ. ಕಿತ್ತ ಬಾಗಿಲಿಗೆ ಸೆಲ್ಲೋಟೇಪ್ ಹಾಕಿದರೆ ಅಂಟು ಹಳದಿಯಾಗಿ ಏಳುತ್ತದೆ. ಹಳೆಯ ಹತ್ತಿ ಪಂಚೆಯ ಪಟ್ಟಿ ಕತ್ತರಿಸಿ ಫೆವಿಕಾಲ್ ಹಚ್ಚಿ ಅಂಟಿಸಿ, ಮಡಿಚುವ ಜಾಗದಲ್ಲಿ ಬಟ್ಟೆಯೇ ಬಾಳಿಕೆ ಬರುವುದು. ಅಂಟು ಹಚ್ಚುವ ಕೆಲಸ ಮಕ್ಕಳಿಗೇ ಕೊಡಿ. ಮೇಲೆ ಭಾರ ಇಟ್ಟು ಬೆಳಗಿನವರೆಗೆ ಬಿಡಬೇಕು, ಆ ರಾತ್ರಿಗೆ ಬೇರೆ ಪುಸ್ತಕ.