ಡಕೋಟಾ, ನೆಬ್ರಾಸ್ಕಾಗಳ ಬಯಲು ರಸ್ತೆಗಳಲ್ಲಿ ಚಳಿಗಾಲದ ಪ್ರಯಾಣ

ಅಮೆರಿಕದ ಉತ್ತರ ಡಕೋಟಾ, ದಕ್ಷಿಣ ಡಕೋಟಾ, ನೆಬ್ರಾಸ್ಕಾ ರಾಜ್ಯಗಳಿಗೆ ಓದಲೆಂದು ಬರುವ ಕನ್ನಡದ ವಿದ್ಯಾರ್ಥಿಗಳಲ್ಲಿ ಹಲವರು ಆಗಸ್ಟಿನಲ್ಲಿ ಬಂದಿಳಿದು, ಹಿಮ ಬೀಳುವ ಮೊದಲೇ ಹಳೆಯ ಕಾರೊಂದನ್ನು ಕೊಂಡಿರುತ್ತಾರೆ. ಆಗ ರಸ್ತೆಗಳು ನೇರವಾಗಿ, ಅಗಲವಾಗಿ, ಬಹುಪಾಲು ಖಾಲಿಯಾಗಿ ಇರುವುದರಿಂದ ಇಲ್ಲಿ ಕಾರು ಓಡಿಸುವುದು ಅತಿ ಸುಲಭವೆಂಬ ಭಾವನೆ ಬೆಳೆದುಬಿಡುತ್ತದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಅದೇ ರಸ್ತೆಗಳಲ್ಲಿ ಹೇಗೆ ಹೋಗಬೇಕು, ಯಾವಾಗ ಹೋಗಲೇಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ಸೀಮೆಯಲ್ಲಿ ಹಿಮಕ್ಕಿಂತ ಗಾಳಿಗೆ ಹೆಚ್ಚು ಹೆದರಬೇಕು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಪ್ರಕಾರ, ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರ್, ಅಥವಾ ಅದಕ್ಕೂ ಹೆಚ್ಚಿನ ವೇಗದ ಗಾಳಿಯೂ, ಕಾಲು ಮೈಲಿಯಾಚೆಗೆ ಏನೂ ಕಾಣದಷ್ಟು ಹಾರುವ ಹಿಮವೂ ಮೂರು ಗಂಟೆ ಮುಂದುವರಿದರೆ ಅದು ಬ್ಲಿಝರ್ಡ್. ಎಷ್ಟು ಇಂಚು ಹಿಮ ಬೀಳಬೇಕೆಂಬ ಮಾತು ಆ ವ್ಯಾಖ್ಯೆಯಲ್ಲೇ ಇಲ್ಲ ಎಂಬುದನ್ನು ಗಮನಿಸಬೇಕು. ಮೂರು ದಿನಗಳ ಹಿಂದೆ ಬಿದ್ದು ಹೊಲಗಳ ಮೇಲೆ ಮಲಗಿರುವ ಒಣ ಹಿಮವನ್ನು, ತಲೆಯ ಮೇಲೆ ನೀಲಿ ಆಕಾಶವಿರುವಾಗಲೇ, ವಾಯವ್ಯದ ಗಾಳಿ ಎಬ್ಬಿಸಿ ರಸ್ತೆಯನ್ನು ಮುಚ್ಚಬಲ್ಲದು. ಇದಕ್ಕೆ ಇಲ್ಲಿನವರು ಗ್ರೌಂಡ್ ಬ್ಲಿಝರ್ಡ್ ಎನ್ನುತ್ತಾರೆ. ಆದ್ದರಿಂದ ಹೊರಡುವ ಮುನ್ನ ಕಿಟಕಿಯಿಂದ ಇಣುಕಿ ಬಿಸಿಲಿದೆಯೆಂದು ತೀರ್ಮಾನಿಸುವುದು ಸಾಲದು. ಮುನ್ಸೂಚನೆಯಲ್ಲಿ ಗಾಳಿಯ ವೇಗವನ್ನೇ ಮೊದಲು ನೋಡಬೇಕು.

ಅದರ ನಂತರ ಆಯಾ ರಾಜ್ಯದ 511 ಸೇವೆಯಲ್ಲಿ ರಸ್ತೆಯ ಸ್ಥಿತಿಯನ್ನು ನೋಡಬೇಕು. ಫೋನಿನಲ್ಲಿ 511ಕ್ಕೆ ಕರೆ ಮಾಡಿಯೂ ತಿಳಿಯಬಹುದು. ಪ್ರಯಾಣ ಬೇಡವೆಂಬ ಸಲಹೆ ಅಲ್ಲಿ ಕಂಡರೆ ಪರೀಕ್ಷೆಯಿರಲಿ, ವಿಮಾನವಿರಲಿ, ಮನೆಯಲ್ಲೇ ಉಳಿಯುವುದು ಸರಿ. ಪರಿಸ್ಥಿತಿ ಇನ್ನೂ ಕೆಟ್ಟರೆ ಐ-80, ಐ-90, ಐ-94ರಂತಹ ಹೆದ್ದಾರಿಗಳನ್ನೇ ಮುಚ್ಚಿ, ಪ್ರವೇಶದಾರಿಗಳಿಗೆ ಅಡ್ಡಗಂಬ ಇಳಿಸುತ್ತಾರೆ. ಆ ಅಡ್ಡಗಂಬವನ್ನು ಸುತ್ತಿಕೊಂಡು ಮುಂದೆ ಹೋಗುವುದು ದಂಡಕ್ಕೆ ಅರ್ಹವಾದ ಅಪರಾಧ.

ನಿಜವಾದ ಅಪಾಯ ಆರಂಭವಾಗುವುದು ಇಲ್ಲಿಯೇ. ಹೆದ್ದಾರಿ ಮುಚ್ಚಿದೆಯೆಂದು ಗೊತ್ತಾದ ಕೂಡಲೇ ಫೋನಿನ ನಕ್ಷೆ ಒಂದು ಸುತ್ತುದಾರಿಯನ್ನು ತೋರಿಸುತ್ತದೆ. ಈ ಬಯಲಿನ ಬಹುಭಾಗದಲ್ಲಿ 1785ರ ಭೂಮಾಪನ ಪದ್ಧತಿಯ ಫಲವಾಗಿ ಮೈಲಿಗೊಂದರಂತೆ ಚೌಕಚೌಕವಾಗಿ ಹಳ್ಳಿರಸ್ತೆಗಳು ಹಾದುಹೋಗುವುದರಿಂದ, ನಕ್ಷೆಯ ಮಟ್ಟಿಗೆ ದಾರಿಗಳಿಗೆ ಕೊರತೆಯೇ ಇಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಜಲ್ಲಿ ಹಾಸಿದ ದಾರಿಗಳು. ಹಿಮ ತೆಗೆಯುವ ಲಾರಿ ಅಲ್ಲಿಗೆ ಬರುವುದು ಎಲ್ಲಕ್ಕಿಂತ ಕೊನೆಯಲ್ಲಿ. ಕನಿಷ್ಠ ನಿರ್ವಹಣೆಯ ರಸ್ತೆ ಎಂಬ ಫಲಕವಿರುವ ಮಣ್ಣುದಾರಿಗಳಿಗಂತೂ ಚಳಿಗಾಲವಿಡೀ ಅದು ಬಾರದೆಯೇ ಹೋಗಬಹುದು. ಅಲ್ಲಿ ಸಿಕ್ಕಿಹಾಕಿಕೊಂಡವರಿಗೆ ಇನ್ನೊಂದು ವಾಹನ ಕಾಣಿಸುವುದಕ್ಕೆ ಮರುದಿನವಾದೀತು. ಮುಚ್ಚಿದ ಹೆದ್ದಾರಿಗೆ ಸುತ್ತುದಾರಿಯೇ ಇಲ್ಲವೆಂದು ತಿಳಿದು, ಹತ್ತಿರದ ಊರಿನಲ್ಲಿ ತಂಗುವುದೇ ಲೇಸು.

ಕಾರಿನ ಸಿದ್ಧತೆಯನ್ನು ಅಕ್ಟೋಬರಿನಲ್ಲೇ ಮುಗಿಸಬೇಕು. ಉಷ್ಣತೆ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಾಗಲೆಲ್ಲ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುವುದರಿಂದ, ಆಗಸ್ಟಿನಲ್ಲಿ 32ಕ್ಕೆ ತುಂಬಿಸಿದ ಗಾಳಿ ಜನವರಿಯ ಹೊತ್ತಿಗೆ 25ರ ಆಸುಪಾಸಿಗೆ ಬಂದಿರುತ್ತದೆ. ಹಳೆಯ ಬ್ಯಾಟರಿಯನ್ನು ಪರೀಕ್ಷಿಸಿ, ಅನುಮಾನವಿದ್ದರೆ ಬದಲಾಯಿಸಬೇಕು. ಗಾಜು ತೊಳೆಯುವ ದ್ರವ ಮೈನಸ್ 20 ಡಿಗ್ರಿ ಫ್ಯಾರನ್‌ಹೀಟಿನಲ್ಲೂ ಹೆಪ್ಪುಗಟ್ಟದಂಥದ್ದಾಗಿರಬೇಕು. ಪೆಟ್ರೋಲ್ ಟ್ಯಾಂಕ್ ಎಂದಿಗೂ ಅರ್ಧಕ್ಕಿಂತ ಕೆಳಗಿಳಿಯಬಾರದು. ಸಿಕ್ಕಿಬಿದ್ದಾಗ ಅದೇ ನಿಮ್ಮ ಒಲೆ. ಕಂಬಳಿ, ಸಲಿಕೆ, ಮರಳಿನ ಚೀಲ, ಟಾರ್ಚು, ಜಂಪರ್ ಕೇಬಲ್, ಫೋನಿನ ಚಾರ್ಜರ್, ಕುಡಿಯುವ ನೀರು ಮತ್ತು ಒಣ ತಿನಿಸುಗಳನ್ನು ಕಾರಿನೊಳಗೆ ಕೈಗೆಟಕುವಂತೆ ಇಡಬೇಕು, ಏಕೆಂದರೆ ಬಿರುಗಾಳಿಯಲ್ಲಿ ಡಿಕ್ಕಿ ತೆರೆಯಲು ಹೊರಗಿಳಿಯುವುದೇ ಕಷ್ಟವಾಗಬಹುದು. ಊರಿನಿಂದ ಬಂದ ಚಕ್ಕುಲಿಯಾದರೂ ಸರಿಯೇ.

ಓಡಿಸುವಾಗ ಕ್ರೂಸ್ ಕಂಟ್ರೋಲ್, ಅಂದರೆ ಕಾರಿನ ವೇಗವನ್ನು ತಾನಾಗಿಯೇ ಒಂದೇ ಮಟ್ಟದಲ್ಲಿಡುವ ಸೌಲಭ್ಯ, ಬಳಸಬಾರದು. ಮುಂದಿನ ವಾಹನದಿಂದ ಎಂದಿಗಿಂತ ಹಲವು ಪಟ್ಟು ದೂರವಿರಬೇಕು. ನಾಲ್ಕು ಚಕ್ರಗಳ ಚಾಲನೆಯಿರುವ ವಾಹನ ಹೊರಡುವುದಕ್ಕೆ ನೆರವಾಗುತ್ತದೆಯೇ ಹೊರತು ನಿಲ್ಲುವುದಕ್ಕಲ್ಲ. ಸೇತುವೆಗಳ ಅಡಿಯಲ್ಲೂ ತಣ್ಣನೆಯ ಗಾಳಿ ಹರಿಯುವುದರಿಂದ ಅವು ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ಕಪ್ಪು ಡಾಂಬರು ಒದ್ದೆಯಾಗಿರುವಂತೆ ಹೊಳೆಯುತ್ತಿದ್ದು, ಮುಂದಿನ ಕಾರಿನ ಟೈರುಗಳಿಂದ ನೀರು ಚಿಮ್ಮದಿದ್ದರೆ ಅದು ಮಂಜುಗಡ್ಡೆಯ ತೆಳುಪದರವೆಂದೇ ತಿಳಿಯಬೇಕು. ಉಪ್ಪು ಹಾಕಿದ್ದಾರಲ್ಲ ಎಂಬ ಭರವಸೆಯೂ ಸಲ್ಲದು: ರಸ್ತೆಯ ಉಷ್ಣತೆ ಸುಮಾರು 15 ಡಿಗ್ರಿ ಫ್ಯಾರನ್‌ಹೀಟಿಗಿಂತ, ಅಂದರೆ ಮೈನಸ್ 9 ಸೆಲ್ಸಿಯಸ್ಸಿಗಿಂತ, ಕೆಳಗಿಳಿದಾಗ ಸಾಮಾನ್ಯ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ. ಕಾರು ಜಾರಿದರೆ ವೇಗದ ಪೆಡಲಿನಿಂದ ಕಾಲು ತೆಗೆದು, ಹೋಗಬೇಕಾದ ದಿಕ್ಕಿನತ್ತ ದೃಷ್ಟಿಯಿಟ್ಟು, ಸ್ಟಿಯರಿಂಗನ್ನು ಮೆಲ್ಲಗೆ ಅತ್ತ ತಿರುಗಿಸಬೇಕು. ಹಿಮ ತೆಗೆಯುವ ಲಾರಿ ಎದುರಾದರೆ ಅದರ ಹಿಂದೆಯೇ ದೂರದಲ್ಲಿ ಸಾಗಬೇಕು. ಅದು ಎಬ್ಬಿಸುವ ಬಿಳಿ ಮೋಡದೊಳಗೆ ನುಗ್ಗಿ ಹಿಂದಿಕ್ಕುವ ಪ್ರಯತ್ನ ಸಲ್ಲದು.

ಇಷ್ಟೆಲ್ಲ ಎಚ್ಚರವಿದ್ದರೂ ಕಾರು ಹಳ್ಳಕ್ಕಿಳಿದು ನಿಂತರೆ, ಕಾರಿನಲ್ಲೇ ಉಳಿಯಬೇಕು. ದೂರದಲ್ಲಿ ತೋಟದ ಮನೆಯ ದೀಪ ಕಂಡರೂ ನಡೆದು ಹೊರಡಬಾರದು, ಏಕೆಂದರೆ ಗುರುತಿಗೊಂದು ಮರವೂ ಇಲ್ಲದ ಬಯಲಿನಲ್ಲಿ ಮುಂದಿನ ಗಾಳಿ ಆ ದೀಪವನ್ನೂ, ಹಿಂದಿರುವ ಕಾರನ್ನೂ ಒಟ್ಟಿಗೇ ಮರೆಮಾಡಬಲ್ಲದು. ಸೊನ್ನೆ ಫ್ಯಾರನ್‌ಹೀಟಿನಲ್ಲಿ ಗಂಟೆಗೆ 15 ಮೈಲಿಯ ಗಾಳಿ ಬೀಸಿದರೂ ಸಾಕು, ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ. ಇಂಜಿನನ್ನು ಗಂಟೆಗೆ ಸುಮಾರು 10 ನಿಮಿಷ ಮಾತ್ರ ಓಡಿಸಬೇಕು. ಪ್ರತಿ ಸಲವೂ ಅದಕ್ಕೆ ಮೊದಲು ಹೊಗೆ ಕೊಳವೆಯ ಸುತ್ತಲಿನ ಹಿಮವನ್ನು ಸಲಿಕೆಯಿಂದ ತೆಗೆದು, ಗಾಳಿ ಬೀಸದ ಬದಿಯ ಕಿಟಕಿಯನ್ನು ಒಂದಿಷ್ಟು ಇಳಿಸಿರಬೇಕು. ಕೊಳವೆ ಮುಚ್ಚಿಹೋದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಳ್ಳುತ್ತದೆ. ಆಂಟೆನಾಕ್ಕೆ ಗಾಢ ಬಣ್ಣದ ಬಟ್ಟೆಯೊಂದನ್ನು ಕಟ್ಟಿ, ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಬೇಕು. ಹೆದ್ದಾರಿಯಲ್ಲಿದ್ದರೆ ಕೊನೆಯದಾಗಿ ಕಂಡ ಮೈಲಿಗಂಬದ ಸಂಖ್ಯೆಯನ್ನೂ, ಹಳ್ಳಿರಸ್ತೆಯಲ್ಲಿದ್ದರೆ ಕೊನೆಗೆ ದಾಟಿದ ಅಡ್ಡರಸ್ತೆಯ ಹೆಸರನ್ನೂ, ಅಲ್ಲಿಂದ ಯಾವ ದಿಕ್ಕಿಗೆ ಹೊರಟಿದ್ದಿರೆಂಬುದನ್ನೂ ಹೇಳಬೇಕಾಗುತ್ತದೆ. ಆದ್ದರಿಂದ ಅವನ್ನು ದಾಟುವಾಗಲೇ ಗಮನಿಸಿಕೊಂಡಿರಬೇಕು.